ಮನೆಯಲ್ಲಿರುವವರ ಓದು ಯಾರ ಹೊಣೆ?

"ಹೇಗಿದ್ದರೂ ಮನೆಯಲ್ಲೇ ಇರುತ್ತೀರಿ, ಒಂದಿಷ್ಟು ಓದಬಹುದಲ್ಲ?" ಕಾರಣ ಯಾವುದೇ ಇರಲಿ, ಮನೆಯಿಂದ ಹೊರಗೆ ಕಾಲಿಡಲಾಗದ ಸ್ಥಿತಿಯಲ್ಲಿರುವವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಬಾಣಂತಿಗೆ, ಕಾಲು ಮುರಿದುಕೊಂಡವರಿಗೆ, ಕೆಲಸ ಕಳೆದುಕೊಂಡವರಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುತ್ತಿರುವವರಿಗೆ, ಸಂಗಾತಿಯ ವೀಸಾದ ಆಸರೆಯಲ್ಲಿ ಪರದೇಶಕ್ಕೆ ಬಂದು ನಾಲ್ಕು ಗೋಡೆಗಳ ನಡುವೆ ಕುಳಿತವರಿಗೆ ಈ ಸಲಹೆ ಧಾರಾಳವಾಗಿ ಸಿಗುತ್ತದೆ. ಹೇಳುವವರ ಮನಸ್ಸಿನಲ್ಲಿ ಒಳ್ಳೆಯದೇ ಇರುತ್ತದೆ. ಆದರೆ ಆ ಮಾತಿನ ಬೆನ್ನಿಗೆ ಒಂದು ತೀರ್ಪೂ ಇರುತ್ತದೆ: ಮನೆಯಲ್ಲಿದ್ದೂ ಓದದವರು ಸೋಮಾರಿಗಳು, ಇಲ್ಲವೇ ಆಸಕ್ತಿಯಿಲ್ಲದವರು. ಓದನ್ನು ವ್ಯಕ್ತಿಯ ಸಂಕಲ್ಪಬಲಕ್ಕೆ ಬಿಟ್ಟುಕೊಟ್ಟು, ಅದು ಕೈಗೂಡದಿದ್ದಾಗ ವ್ಯಕ್ತಿಯನ್ನೇ ದೂರುವ ಈ ರೂಢಿಯನ್ನು ಪ್ರಶ್ನಿಸಬೇಕಾಗಿದೆ. ಮನೆಯೊಳಗಿನ ಓದು ಉಳಿಯುವುದೂ ಅಳಿಯುವುದೂ ಮುಖ್ಯವಾಗಿ ಎರಡು ಸಂಗತಿಗಳಿಂದ. ಮನೆಯೊಳಗೆ ಕೆಲಸ ಹೇಗೆ ಹಂಚಿಕೆಯಾಗಿದೆ ಎಂಬುದು ಒಂದು. ಪುಸ್ತಕವನ್ನು ಆ ಮನೆಯ ಬಾಗಿಲಿಗೆ ತಲುಪಿಸುವ ಸಾರ್ವಜನಿಕ ವ್ಯವಸ್ಥೆ ಹೊರಗೆ ಇದೆಯೇ ಎಂಬುದು ಇನ್ನೊಂದು. ಎರಡೂ ರಾಜಕೀಯ ಪ್ರಶ್ನೆಗಳು.

2020ರ ಮಾರ್ಚ್ ತಿಂಗಳು ಇದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. ಬ್ರಿಟನ್ನಿನಲ್ಲಿ 23ರಂದು, ಭಾರತದಲ್ಲಿ 25ರಿಂದ ಲಾಕ್‌ಡೌನ್ ಜಾರಿಗೆ ಬಂತು. ಮನೆಯಲ್ಲಿ ಉಳಿಯುವುದೇ ಕರ್ತವ್ಯವೆನಿಸಿದ ಆ ದಿನಗಳಲ್ಲಿ ಓದಬೇಕಾದ ಪುಸ್ತಕಗಳ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ವರ್ಷಗಳಿಂದ ಮುಂದೂಡಿದ್ದ ದೊಡ್ಡ ಕಾದಂಬರಿಯನ್ನು ಮುಗಿಸಿದ ಸಂತೋಷವನ್ನು ಹಲವರು ಹಂಚಿಕೊಂಡರು. ಅದೇ ಹೊತ್ತಿಗೆ ಲಕ್ಷಾಂತರ ಕಾರ್ಮಿಕರು ನಗರಗಳಿಂದ ಊರಿನತ್ತ ಹೆದ್ದಾರಿಗಳಲ್ಲಿ ನಡೆದು ಹೋಗುತ್ತಿದ್ದರು. ಸಿಂಗಪುರದಲ್ಲಿ ವಲಸೆ ಕಾರ್ಮಿಕರನ್ನು ಅವರ ವಸತಿಗೃಹಗಳೊಳಗೇ ತಿಂಗಳುಗಟ್ಟಲೆ ಇರಿಸಲಾಯಿತು. ಅಲ್ಲಿ 'ಮನೆ' ಎಂದರೆ ಹಲವರು ಹಂಚಿಕೊಂಡ ಕೋಣೆಯೊಂದರ ಮಂಚ. ಹಾಸ್ಟೆಲುಗಳು ಮುಚ್ಚಿದ್ದರಿಂದ ಒಂದೇ ಕೋಣೆಯ ಮನೆಗೆ ಮರಳಿದ ವಿದ್ಯಾರ್ಥಿಗೆ ಕುಳಿತು ಓದಲು ಮೂಲೆಯೂ ಇರಲಿಲ್ಲ. ಎಲ್ಲರೂ 'ಮನೆಯಲ್ಲೇ' ಇದ್ದರು. ಆದರೆ ಓದಿಗೆ ಬೇಕಾದ ಏಕಾಂತ, ಬೆಳಕು ಮತ್ತು ಬಿಡುವು ಎಲ್ಲರ ಪಾಲಿಗೂ ಇರಲಿಲ್ಲ.

ಲಾಕ್‌ಡೌನ್ ತೆರವಾಗಿ ವರ್ಷಗಳಾದವು. ಆದರೂ ಮನೆಯೊಳಗೆ ಉಳಿದವರು ಉಳಿದೇ ಇದ್ದಾರೆ. ಹೊರನಾಡಿನ ಕನ್ನಡಿಗರ ನಡುವೆ ಇವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವರ ಸಂಗಾತಿಗೆ ಸಿಗುವುದು ಎಚ್-4 ವೀಸಾ. 2015ರ ಮೇ 26ರ ತನಕ ಆ ವೀಸಾದಲ್ಲಿದ್ದವರು ಸಂಬಳದ ಕೆಲಸ ಮಾಡುವಂತೆಯೇ ಇರಲಿಲ್ಲ. ಅಂದು ಜಾರಿಗೆ ಬಂದ ನಿಯಮ ಕೂಡ ಎಲ್ಲರಿಗೂ ಬಾಗಿಲು ತೆರೆಯಲಿಲ್ಲ; ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಕೆಲಸದ ಪರವಾನಗಿ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಪಾಲು ಸಲ್ಲದೆಂಬ ಮಿತಿಯಿಂದಾಗಿ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ. ಇಂಜಿನಿಯರಿಂಗ್, ವೈದ್ಯಕೀಯ, ಕನ್ನಡ ಎಂ.ಎ. ಓದಿ ಬಂದ ಎಷ್ಟೋ ಹೆಣ್ಣುಮಕ್ಕಳು ಬಸ್ಸಿಲ್ಲದ ಉಪನಗರಗಳಲ್ಲಿ, ಕಾರು ಕಲಿಯುವ ತನಕ ಕಿಟಕಿಯ ಬಳಿ ಕುಳಿತು ವರ್ಷಗಳನ್ನು ಕಳೆದಿದ್ದಾರೆ. ಇವರು ಮನೆಯಲ್ಲಿರುವುದು ಸ್ವಂತ ಆಯ್ಕೆಯಿಂದಲ್ಲ. ಕಾನೂನಿನ ಒಂದು ಉಪನಿಯಮದಿಂದ.

ಎರಡನೆಯ ಗುಂಪು ಹಿರಿಯರದು. ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬರುವ ತಂದೆತಾಯಂದಿರು, ಬಹುಮಟ್ಟಿಗೆ ಮೊಮ್ಮಕ್ಕಳ ಆರೈಕೆಗೆಂದೇ ಬಂದವರು. ಊರಿನಲ್ಲಿ ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆ, ವಾರಕ್ಕೊಂದು 'ಸುಧಾ' ಅಥವಾ 'ತರಂಗ', ಸಂಜೆ ವಾಚನಾಲಯ ಎಂದು ಬದುಕಿದವರಿಗೆ ಹಿಮ ಬೀಳುವ ಊರಿನಲ್ಲಿ ಇವೆಲ್ಲ ಒಮ್ಮೆಲೇ ನಿಂತುಹೋಗುತ್ತವೆ. 23 ಕಿಲೋ ಮಿತಿಯ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳ, ಮಗುವಿನ ಬಟ್ಟೆಗಳ ನಡುವೆ ಎರಡು ಪುಸ್ತಕಗಳಿಗಷ್ಟೇ ಜಾಗ ಉಳಿದಿರುತ್ತದೆ. ಅವು ಮೊದಲ ಹದಿನೈದು ದಿನಗಳಲ್ಲಿ ಮುಗಿಯುತ್ತವೆ. ಮಿಕ್ಕ ಐದೂವರೆ ತಿಂಗಳು ಅವರ ಕೈಗೆ ಸಿಗುವ ಕನ್ನಡವೆಂದರೆ ವಾಟ್ಸ್ಆ್ಯಪಿನಲ್ಲಿ ಬರುವ ಸಂದೇಶಗಳು. ಅವುಗಳಲ್ಲಿ ಎಷ್ಟು ಸುಳ್ಳಿವೆ, ಎಷ್ಟು ದ್ವೇಷವಿದೆ ಎಂದು ಮಕ್ಕಳು ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ. ಆದರೆ ಆ ಖಾಲಿ ಜಾಗವನ್ನು ಬೇರೆ ಯಾವುದರಿಂದಲೂ ತುಂಬದೆ ಬಿಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ.

ಮನೆಯಲ್ಲಿದ್ದರೆ ಸಮಯವಿರುತ್ತದೆ ಎಂಬ ನಂಬಿಕೆಯನ್ನು ಸರ್ಕಾರದ ಅಂಕಿಅಂಶಗಳೇ ಅಲ್ಲಗಳೆಯುತ್ತವೆ. ಭಾರತದ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕೊಡುವುದು 97 ನಿಮಿಷ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಆ ಕೆಲಸಕ್ಕೆ ಕೈಹಾಕುವ ಹೆಂಗಸರು ಶೇ 81ಕ್ಕೂ ಹೆಚ್ಚು, ಗಂಡಸರು ಶೇ 26ರಷ್ಟು ಮಾತ್ರ. ವಿಮಾನ ಹತ್ತಿದ ಮಾತ್ರಕ್ಕೆ ಈ ಲೆಕ್ಕ ಕೆಳಗಿಳಿದು ಹೋಗುವುದಿಲ್ಲ. ಊರಿನಲ್ಲಿ ಕಸಮುಸುರೆಗೆ ಬರುತ್ತಿದ್ದ ಬಡ ಹೆಂಗಸಿನ ದುಡಿಮೆ ಇಲ್ಲವಾದಾಗ, ಪಾತ್ರೆ ತೊಳೆಯುವ ಯಂತ್ರವೊಂದು ಅಡುಗೆಮನೆಗೆ ಬಂದರೂ, ಉಳಿದ ಕೆಲಸ ಹಳೆಯ ಹೆಗಲನ್ನೇ ಹುಡುಕಿಕೊಂಡು ಬರುತ್ತದೆ.

ನಿಮಿಷಗಳ ಮೊತ್ತಕ್ಕಿಂತ ಅವುಗಳ ಸ್ವರೂಪ ಇಲ್ಲಿ ಹೆಚ್ಚು ಮುಖ್ಯ. ಕಚೇರಿಯಿಂದ ಬಂದವರ ಬಿಡುವು ಅಖಂಡವಾಗಿರುತ್ತದೆ. ಮನೆಯಲ್ಲಿರುವವರ ಬಿಡುವು ಚೂರುಚೂರಾಗಿರುತ್ತದೆ. ಕುಕ್ಕರ್ ಕೂಗುವ ತನಕದ ಹತ್ತು ನಿಮಿಷ, ಮಗು ನಿದ್ದೆ ಮಾಡಿದ ಅರ್ಧ ಗಂಟೆ, ಔಷಧಿಯ ಹೊತ್ತಿಗೂ ಊಟದ ಹೊತ್ತಿಗೂ ನಡುವಿನ ಇಪ್ಪತ್ತು ನಿಮಿಷ. ಆ ಅರ್ಧ ಗಂಟೆಯಲ್ಲೂ ಒಂದು ಕಿವಿ ತೊಟ್ಟಿಲ ಕಡೆಗೇ ಇರುತ್ತದೆ. ಓದು ಬೇಡುವುದು ಬರಿಯ ಕಣ್ಣನ್ನಲ್ಲ, ಎಲ್ಲಿಂದಲೂ ಕರೆ ಬರದು ಎಂಬ ಭರವಸೆಯನ್ನು. ಆ ಭರವಸೆಯನ್ನು ಓದುವವರು ತಮಗೆ ತಾವೇ ಕೊಟ್ಟುಕೊಳ್ಳಲು ಬರುವುದಿಲ್ಲ, ಜೊತೆಗಿರುವವರು ಕೊಡಬೇಕು.

ಮನೆಯೊಳಗೆ ಸಿಲುಕಿದವರ ಓದಿನ ಚರಿತ್ರೆಯನ್ನು ತಿರುವಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ, ಹೆಣ್ಣು ಅಕ್ಷರ ಕಲಿತರೆ ಕೇಡಾಗುತ್ತದೆಂದು ನಂಬಿದ್ದ ಸಮಾಜದಲ್ಲಿ, ಗಂಡನ 'ಚೈತನ್ಯ ಭಾಗವತ'ದ ಹಾಳೆಯೊಂದನ್ನು ಎತ್ತಿಟ್ಟುಕೊಂಡರು. ಅದನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು, ಮಗ ಅಕ್ಷರ ತಿದ್ದಿದ್ದ ಓಲೆಗರಿಯೊಂದಿಗೆ ಹೋಲಿಸಿ ನೋಡುತ್ತ, ವರ್ಷಗಳ ಕಾಲ ಗುಟ್ಟಾಗಿ ಓದಲು ಕಲಿತರು. ಆಮೇಲೆ ಅವರು ಬರೆದ 'ಅಮಾರ್ ಜೀಬನ್' ಬಂಗಾಳಿಯ ಮೊದಲ ಆತ್ಮಕಥನವೆಂದು ಹೆಸರಾಯಿತು. ಈ ಕಥೆಯನ್ನು ಸಾಮಾನ್ಯವಾಗಿ ಛಲದ ಉದಾಹರಣೆಯಾಗಿ ಹೇಳುತ್ತಾರೆ. ಛಲ ನಿಜ. ಆದರೆ ಒಂದು ಹಾಳೆ ಓದಲು ಒಬ್ಬ ಮನುಷ್ಯಜೀವಿ ಇಷ್ಟು ಕಳ್ಳತನ ಮಾಡಬೇಕಾಯಿತು ಎಂಬುದು ಆ ಮನೆಯ ಮೇಲಿನ ಆರೋಪಪಟ್ಟಿಯೂ ಹೌದು. ಅದೇ ಛಲವಿದ್ದೂ ಹಾಳೆ ಕೈಗೆ ಸಿಗದ ಸಾವಿರಾರು ಹೆಂಗಸರ ಹೆಸರುಗಳು ಯಾವ ಚರಿತ್ರೆಯಲ್ಲೂ ಇಲ್ಲ.

ಕನ್ನಡದ್ದೇ ನಿದರ್ಶನ ಬೇಕಿದ್ದರೆ ನಂಜನಗೂಡು ತಿರುಮಲಾಂಬ ಇದ್ದಾರೆ. 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಹದಿನಾಲ್ಕರಲ್ಲಿ ವಿಧವೆಯಾದ ಅವರಿಗೆ ಅಂದಿನ ಬ್ರಾಹ್ಮಣ ಸಮಾಜ ವಿಧಿಸಿದ್ದು ಮನೆಯ ಮೂಲೆಯನ್ನು. ಆ ಮೂಲೆಯಲ್ಲೇ ಓದಿ, ಬರೆದು, 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಇಲ್ಲಿ ಮರೆಯಬಾರದ ಸಂಗತಿ ಒಂದಿದೆ: ಮಗಳ ಓದಿಗೆ ಬೆಂಬಲವಾಗಿ ನಿಂತ ತಂದೆ ಆ ಮನೆಯಲ್ಲಿದ್ದರು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಶಾಲೆ ಹನ್ನೆರಡನೆಯ ವಯಸ್ಸಿನ ಮದುವೆಯೊಂದಿಗೆ ನಿಂತಿತು. ಅವರ ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಆ ನಡುವಿನ ಮೂರು ದಶಕಗಳಲ್ಲಿ ಮನೆಗೆಲಸದ ಎಡೆಯಲ್ಲಿ ಓದು ಹೇಗೋ ಬದುಕಿತ್ತು. ಇಂಥವರ ಬರಹಕ್ಕೆ 'ಅಡುಗೆಮನೆ ಸಾಹಿತ್ಯ' ಎಂದು ಹಣೆಪಟ್ಟಿ ಹಚ್ಚಿದ ವಿಮರ್ಶೆ, ಆ ಅಡುಗೆಮನೆಯೊಳಗೆ ಪುಸ್ತಕ ಬಿಡಿಸಲು ಹೊತ್ತು ಎಲ್ಲಿಂದ ಬಂತೆಂದು ಕೇಳುವ ಗೋಜಿಗೆ ಹೋಗಲಿಲ್ಲ.

ಓದಿನ ಹಿಂದೆ ಇತರರ ದುಡಿಮೆ ಇರುತ್ತದೆ ಎಂಬುದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಬಾಲ್ಯಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಬರುವ ವಿವರಗಳಿವು. ಮುಂಬಯಿಯ ಪರೇಲಿನ ಚಾಳಿನಲ್ಲಿ ಆ ಕುಟುಂಬಕ್ಕಿದ್ದದ್ದು ಒಂದೇ ಕೋಣೆ. ಅಡುಗೆ, ಊಟ, ನಿದ್ದೆ, ಓದು ಎಲ್ಲವೂ ಅಲ್ಲೇ. ತಂದೆ ರಾಮಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ತಾವು ಎಚ್ಚರವಿದ್ದು, ನಸುಕಿನ ಎರಡು ಗಂಟೆಗೆ ಅವನನ್ನು ಎಬ್ಬಿಸಿ ಓದಲು ಕೂರಿಸಿ, ಆಮೇಲೆ ಅದೇ ಜಾಗದಲ್ಲಿ ತಾವು ಮಲಗುತ್ತಿದ್ದರು. ಮಗ ಕೇಳಿದ ಪುಸ್ತಕಕ್ಕೆ ಕೈಯಲ್ಲಿ ಹಣವಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಸಾಲ ತರುತ್ತಿದ್ದರು. ಅವರಲ್ಲೂ ಹಣವಿಲ್ಲದಿದ್ದರೆ ಒಡವೆ ಪಡೆದು ಅಡವಿಡುತ್ತಿದ್ದರು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಉದ್ಯಾನದಲ್ಲಿ ಕುಳಿತು ಓದುತ್ತಿದ್ದ ಹುಡುಗನನ್ನು ಕಂಡು ಮಾತಾಡಿಸಿ ಪುಸ್ತಕಗಳನ್ನು ಕೊಟ್ಟವರು ಕೃಷ್ಣಾಜಿ ಅರ್ಜುನ ಕೇಳೂಸ್ಕರ್. ಇಂಥ ಓದುಗ ಮುಂದೆ 1930ರ ದಶಕದಲ್ಲಿ ದಾದರಿನಲ್ಲಿ ಪುಸ್ತಕಗಳಿಗೆಂದೇ 'ರಾಜಗೃಹ'ವನ್ನು ಕಟ್ಟಿಸಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ತಂದೆ ಕಳೆದುಕೊಂಡ ನಿದ್ದೆಯನ್ನೂ ಅಕ್ಕಂದಿರು ಬಿಚ್ಚಿಕೊಟ್ಟ ಒಡವೆಯನ್ನೂ ಹೇಳುವವರು ಕಡಿಮೆ.

ಈ ಬದುಕುಗಳೆಲ್ಲ ಒಂದೇ ಕಡೆಗೆ ಬೆರಳು ತೋರುತ್ತವೆ. ಓದು ಮೇಲ್ನೋಟಕ್ಕೆ ಒಂಟಿ ಕ್ರಿಯೆ; ಅದನ್ನು ಸಾಧ್ಯವಾಗಿಸುವುದು ಎಂದೂ ಒಂಟಿಯಲ್ಲ. ಯಾರೋ ಜಾಗ ಬಿಟ್ಟುಕೊಟ್ಟಿರುತ್ತಾರೆ, ಯಾರೋ ಪುಸ್ತಕ ತಂದಿರುತ್ತಾರೆ, ಯಾರೋ ಆ ಹೊತ್ತಿನ ಕೆಲಸವನ್ನು ಹೊತ್ತಿರುತ್ತಾರೆ. ಮನೆಯಲ್ಲಿರುವವರು ಓದುತ್ತಿಲ್ಲವೆಂದಾದರೆ, ಈ ಮೂರರಲ್ಲಿ ಯಾವುದು ಇಲ್ಲವಾಗಿದೆ ಎಂದು ಮೊದಲು ವಿಚಾರಿಸಬೇಕು.

ಪುಸ್ತಕ ತಂದುಕೊಡುವ ಕೆಲಸವನ್ನು ಕುಟುಂಬದ ಒಳ್ಳೆಯತನಕ್ಕಷ್ಟೇ ಬಿಡಬಾರದೆಂದೇ ಸಮಾಜಗಳು ಸಾರ್ವಜನಿಕ ಗ್ರಂಥಾಲಯವನ್ನು ಕಟ್ಟಿಕೊಂಡವು. ಕರ್ನಾಟಕದಲ್ಲಿ ಅದಕ್ಕೆ ಕಾನೂನಿನ ಬಲ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಊರಿನಲ್ಲಿ ಮನೆ ಅಥವಾ ನಿವೇಶನವಿರುವ ಹೊರನಾಡಿನ ಕನ್ನಡಿಗರೂ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೆಂದು ಶೇ 6ರಷ್ಟು ಕಟ್ಟುತ್ತಾರೆ. ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಆ ಸಾಲು ಕಾಣಿಸುತ್ತದೆ. ವಸೂಲಾದ ಆ ಹಣ ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ತಲುಪುತ್ತಿಲ್ಲ, ನಗರಾಡಳಿತಗಳು ಬಾಕಿ ಉಳಿಸಿಕೊಂಡಿವೆ ಎಂಬ ದೂರು ಹಳೆಯದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಆ ಇಲಾಖೆ 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕಗಳನ್ನು ಅವರ ಕೈಗಿಟ್ಟಿತು. ಮನೆಯಲ್ಲಿ ಉಳಿದ ಮಕ್ಕಳಿಗೆ ಓದುವ ಚಟ ಹತ್ತಿಸಿಕೊಳ್ಳಿರೆಂದು ಉಪದೇಶ ಮಾಡುವುದಕ್ಕೂ, ಹತ್ತಿರದ ಗ್ರಂಥಾಲಯದ ಬಾಗಿಲನ್ನು ಅವರಿಗಾಗಿ ತೆರೆಯುವುದಕ್ಕೂ ಇರುವ ಅಂತರ ಇದು.

ಪರದೇಶದಲ್ಲಿ ಕನ್ನಡ ಪುಸ್ತಕ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಚರಿತ್ರೆಯಲ್ಲೊಂದು ಕುತೂಹಲದ ಉತ್ತರವಿದೆ. ಅಮೆರಿಕ 1954ರ ಪಬ್ಲಿಕ್ ಲಾ 480ರ ಅಡಿಯಲ್ಲಿ ಭಾರತಕ್ಕೆ ಗೋಧಿ ಮಾರಿತು. ಬೆಲೆಯನ್ನು ಭಾರತ ರೂಪಾಯಿಯಲ್ಲೇ ಕಟ್ಟಿತು. ಹಾಗೆ ಕೂಡಿಬಿದ್ದ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಭಾರತದ ಬಡವರು ಪಡಿತರದ ಸಾಲಿನಲ್ಲಿ ನಿಂತು ಕೊಂಡ ಗೋಧಿಯ ಹಣದಲ್ಲಿ ಕನ್ನಡದ ಕಾದಂಬರಿ, ಕಾವ್ಯ, ವಿಮರ್ಶೆಗಳು ಶಿಕಾಗೊ ಮೊದಲಾದ ಕಡೆಯ ಗ್ರಂಥಾಲಯಗಳ ಕಪಾಟು ಸೇರಿದವು. ಶೀತಲ ಸಮರದ ಲೆಕ್ಕಾಚಾರಗಳು ಏನೇ ಇದ್ದಿರಲಿ, ಆ ಪುಸ್ತಕಗಳು ಅಲ್ಲಿವೆ. ಸ್ಥಳೀಯ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವವಿರುವವರು ಅಂತರ-ಗ್ರಂಥಾಲಯ ಎರವಲಿನ ಮೂಲಕ ದೂರದ ವಿಶ್ವವಿದ್ಯಾಲಯದ ಕನ್ನಡ ಪುಸ್ತಕವನ್ನು ತಮ್ಮ ಊರಿಗೆ ತರಿಸಿಕೊಳ್ಳಲು ಬಹುತೇಕ ಕಡೆ ಅವಕಾಶವಿದೆ. ಕಾರಿಲ್ಲದ ಗೃಹಿಣಿಗೂ ವೀಸಾದ ದಿನಗಳನ್ನು ಎಣಿಸುತ್ತಿರುವ ಅಜ್ಜನಿಗೂ ಈ ಸಂಗತಿಯನ್ನು ಯಾರಾದರೂ ತಿಳಿಸಬೇಕಷ್ಟೆ. ಪುಸ್ತಕವನ್ನು ತಂದುಕೊಡಲು ಮನೆಯವರೊಬ್ಬರು ವಾರಕ್ಕೊಮ್ಮೆ ಅತ್ತ ಹೋಗಿಬಂದರೆ ಸಾಕು.

ಇಂಥ ವ್ಯವಸ್ಥೆ ಶಾಶ್ವತವೆಂದು ತಿಳಿಯುವಂತಿಲ್ಲ. 2025ರ ಮಾರ್ಚ್ 14ರಂದು ಅಮೆರಿಕದ ಅಧ್ಯಕ್ಷರು, ರಾಜ್ಯಗಳ ಗ್ರಂಥಾಲಯಗಳಿಗೆ ಒಕ್ಕೂಟದ ಅನುದಾನ ಹಂಚುವ ಸಂಸ್ಥೆಯನ್ನು ಕುಗ್ಗಿಸುವ ಆದೇಶಕ್ಕೆ ಸಹಿ ಹಾಕಿದರು. ಆ ಆದೇಶ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ಅಷ್ಟರಲ್ಲೇ ಕೆಲವು ರಾಜ್ಯಗಳಲ್ಲಿ ಎರವಲು ಸೇವೆ, ಇ-ಪುಸ್ತಕ ಸೇವೆಗಳಿಗೆ ಪೆಟ್ಟು ಬಿತ್ತು. ಬ್ರಿಟನ್ನಿನಲ್ಲಿ 2010ರ ನಂತರದ ಮಿತವ್ಯಯದ ರಾಜಕಾರಣ ನೂರಾರು ಊರುಗ್ರಂಥಾಲಯಗಳ ಬಾಗಿಲು ಮುಚ್ಚಿಸಿತು. ಇವು ದೂರದ ಸುದ್ದಿಗಳೆಂದು ವಲಸಿಗರು ತಿಳಿದರೆ ಪ್ರಮಾದ. ಗ್ರಂಥಾಲಯವೊಂದು ಮುಚ್ಚಿದಾಗ ಮೊದಲ ಏಟು ಬೀಳುವುದು ಪುಸ್ತಕ ಕೊಳ್ಳುವ ಶಕ್ತಿಯಿಲ್ಲದವರಿಗೆ, ಮನೆ ಬಿಟ್ಟರೆ ಹೋಗಲು ಬೇರೆ ಜಾಗವಿಲ್ಲದವರಿಗೆ, ಮತ್ತು ಆ ದೇಶದ ಮುಖ್ಯಭಾಷೆಯಲ್ಲದ ಭಾಷೆಯಲ್ಲಿ ಓದುವವರಿಗೆ. ಮನೆಯಲ್ಲಿರುವ ಕನ್ನಡದ ಓದುಗರು ಈ ಮೂರೂ ಗುಂಪಿಗೆ ಸೇರಿರುವುದುಂಟು.

ಡಿಜಿಟಲ್ ಪುಸ್ತಕ ಈ ಕೊರತೆಯನ್ನೆಲ್ಲ ನೀಗಿಸಿತೆಂಬ ಮಾತೂ ಅರ್ಧಸತ್ಯವೇ. ಮಾಡಿದ ಉಪಕಾರ ದೊಡ್ಡದು. ಕರ್ನಾಟಕ ಸರ್ಕಾರದ 'ಕಣಜ'ದಲ್ಲಿ ಉಚಿತ ಪುಸ್ತಕಗಳಿವೆ; ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸಾವಿರಗಟ್ಟಲೆ ಇವೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ಬಳಿಕ ಕೃತಿ ಹಕ್ಕುಸ್ವಾಮ್ಯದಿಂದ ಮುಕ್ತವಾಗುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು 2024ರ ಜನವರಿ 1ರಿಂದ ಅಲ್ಲಿ ಎಲ್ಲರ ಆಸ್ತಿಯಾಗಿವೆ. ಆದರೆ ಅದೇ ಇಂಟರ್‌ನೆಟ್ ಆರ್ಕೈವ್ 2020ರ ಮಾರ್ಚಿನಲ್ಲಿ, ಗ್ರಂಥಾಲಯಗಳೆಲ್ಲ ಮುಚ್ಚಿದ್ದಾಗ, ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ಕಾಯುವ ಸರದಿಯಿಲ್ಲದೆ ಎರವಲು ಕೊಡಲು ಮುಂದಾದಾಗ ನಾಲ್ಕು ದೊಡ್ಡ ಪ್ರಕಾಶನ ಸಂಸ್ಥೆಗಳು ಜೂನ್ 1ರಂದು ಮೊಕದ್ದಮೆ ಹೂಡಿದವು; 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಪ್ರಕಾಶಕರ ಪರವಾಗಿಯೇ ತೀರ್ಪಿತ್ತಿತು. ಲೇಖಕರ ಜೀವನೋಪಾಯದ ಪ್ರಶ್ನೆ ಇಲ್ಲಿ ಸಣ್ಣದಲ್ಲ, ಅದರಲ್ಲೂ ಕೆಲವೇ ನೂರು ಪ್ರತಿಗಳು ಮಾರಾಟವಾಗುವ ಕನ್ನಡದಂಥ ಭಾಷೆಯಲ್ಲಿ. ಆದ್ದರಿಂದ ಕದ್ದ ಪಿಡಿಎಫ್‌ಗಳನ್ನು ಹಂಚುವುದು ಓದಿನ ಸೇವೆ ಎನಿಸದು. ಗ್ರಂಥಾಲಯಗಳು ನ್ಯಾಯವಾದ ಬೆಲೆ ಕೊಟ್ಟು ಇ-ಪುಸ್ತಕಗಳನ್ನು ಕೊಂಡು, ಓದುಗರಿಗೆ ಉಚಿತವಾಗಿ ಎರವಲು ಕೊಡುವಂಥ ಏರ್ಪಾಡೇ ಇದಕ್ಕೆ ಪರಿಹಾರ. ಅದಕ್ಕಾಗಿ ಒತ್ತಾಯಿಸಬೇಕಾದವರು ಓದುಗರೇ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮೊಬೈಲು ಹಿಡಿದು ಗಂಟೆಗಟ್ಟಲೆ ರೀಲ್ಸ್ ನೋಡಲು ಸಮಯವಿರುವವರಿಗೆ ಓದಲು ಸಮಯವಿಲ್ಲವೆಂದರೆ ಹೇಗೆ ನಂಬುವುದು? ಆಕ್ಷೇಪದಲ್ಲಿ ಸತ್ಯಾಂಶವಿದೆ, ಓದಿಗೆ ಶಿಸ್ತು ಬೇಕು, ಅದನ್ನು ಯಾವ ಗ್ರಂಥಾಲಯವೂ ಎರವಲು ಕೊಡಲಾರದು. ಆದರೆ ಚೂರಾದ ಬಿಡುವಿಗೆ ಚೂರಾದ ಮನರಂಜನೆಯೇ ಸರಿಹೊಂದುತ್ತದೆ ಎಂಬುದನ್ನು ಆ ಕಂಪನಿಗಳು ಚೆನ್ನಾಗಿ ಬಲ್ಲವು. ಮೂವತ್ತು ಸೆಕೆಂಡಿನ ದೃಶ್ಯವನ್ನು ಅರ್ಧಕ್ಕೆ ಬಿಟ್ಟು ಏಳುವುದು ಸುಲಭ. ಕಾದಂಬರಿಯ ಇಪ್ಪತ್ತನೆಯ ಪುಟದಿಂದ ಹತ್ತು ಸಲ ಎದ್ದು ಹೋದವರು ಹನ್ನೊಂದನೆಯ ಸಲ ಪುಸ್ತಕವನ್ನು ಮುಚ್ಚಿಡುತ್ತಾರೆ. ದಣಿದ ಮನಸ್ಸು ಮೊಬೈಲನ್ನು ಆರಿಸಿಕೊಳ್ಳುವುದು ರುಚಿಗೇಡಿತನದಿಂದಲ್ಲ; ಕರೆದಾಗ ಬಿಟ್ಟು ಬರಲು ಅದು ಅನುವು ಮಾಡಿಕೊಡುತ್ತದೆ ಎಂಬ ಕಾರಣದಿಂದ. ಅದಲ್ಲದೆ ಹಲವರಿಗೆ ಕನ್ನಡದ ಪುಸ್ತಕವಿರುವುದೂ ಅದೇ ಮೊಬೈಲಿನಲ್ಲೇ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಮೊದಲನೆಯದು, ಓದುವ ಹೊತ್ತನ್ನು ಇಡೀ ಮನೆಯ ನಿಯಮವಾಗಿಸುವುದು. ದಿನಕ್ಕೆ ಒಂದು ಗಂಟೆ ಒಬ್ಬರು ಓದುತ್ತಿದ್ದರೆ ಆ ಗಂಟೆಯ ಮಗು, ಒಲೆ, ಬಾಗಿಲ ಕರೆಗಂಟೆ ಮತ್ತೊಬ್ಬರ ಪಾಲು. ಸಮಾನತೆಯ ಬಗ್ಗೆ ಸಭೆಗಳಲ್ಲಿ ಮಾತಾಡುವ ಗಂಡಸರಿಗೆ ಇದಕ್ಕಿಂತ ಹತ್ತಿರದ ಕಾರ್ಯಕ್ರಮ ಸಿಗಲಾರದು. ಎರಡನೆಯದು, ಓದಿನ ಅಳತೆಯನ್ನು ತಗ್ಗಿಸಿಕೊಳ್ಳುವುದು. ವರ್ಷಕ್ಕೆ ಐವತ್ತು ಪುಸ್ತಕವೆಂಬ ಗುರಿ ಕಚೇರಿಯ ಗುರಿಗಳ ನಕಲು. ಚೂರು ಬಿಡುವಿಗೆ ಒಪ್ಪುವ ಬರಹ ಕನ್ನಡದಲ್ಲಿ ಹೇರಳವಾಗಿದೆ: ವಚನ, ತ್ರಿಪದಿ, ಸಣ್ಣಕಥೆ, ಲಲಿತ ಪ್ರಬಂಧ. ಹತ್ತು ನಿಮಿಷದಲ್ಲಿ ಒಂದು ವಚನ ಓದಿ ಇಡೀ ದಿನ ಮೆಲುಕು ಹಾಕುವುದೂ ಪೂರ್ಣ ಪ್ರಮಾಣದ ಓದೇ. ಮೂರನೆಯದು, ಗಟ್ಟಿಯಾಗಿ ಓದುವುದು. ಕುಮಾರವ್ಯಾಸ ಭಾರತವನ್ನು ಒಬ್ಬರು ಓದಿ ಉಳಿದವರು ಕೇಳುತ್ತಿದ್ದ ಮನೆಗಳಲ್ಲಿ ಅಕ್ಷರ ಬಾರದವರೂ ಕಾವ್ಯವನ್ನು ಬಲ್ಲವರಾಗಿದ್ದರು. ಕಣ್ಣು ಮಂಜಾದ ಅಜ್ಜಿಗೆ ಮೊಮ್ಮಗಳು ತಡವರಿಸುತ್ತ ಒಂದು ಪುಟ ಕನ್ನಡ ಓದಿದರೆ ಇಬ್ಬರ ಓದೂ ಮುಂದೆ ಸಾಗುತ್ತದೆ. ಧಾರವಾಡದ ಅಕ್ಕ ಮತ್ತು ಡಲ್ಲಾಸಿನ ತಂಗಿ ಭಾನುವಾರದ ಕರೆಯಲ್ಲಿ ಒಂದೇ ಕಥೆಯ ಬಗ್ಗೆ ಮಾತಾಡಿಕೊಂಡರೆ, ಓದಿ ಮುಗಿಸಲು ಒಂದು ಕಾರಣ ಸಿಕ್ಕಂತಾಗುತ್ತದೆ. ತನ್ನ ಓದಿಗಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ ಎಂಬ ಅರಿವು ಯಾವ ಸಂಕಲ್ಪಕ್ಕಿಂತಲೂ ಬಲವಾದದ್ದು.

ಮನೆಯಾಚೆಗಿನ ಕೆಲಸವೂ ಇದೆ. ಹೊರನಾಡಿನ ಕನ್ನಡ ಕೂಟಗಳು ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಿಗೆ ಸಭಾಂಗಣದ ಬಾಡಿಗೆ, ಊಟ, ಕಲಾವಿದರ ಪ್ರಯಾಣಕ್ಕೆಂದು ಸಾಕಷ್ಟು ಹಣ ವೆಚ್ಚ ಮಾಡುತ್ತವೆ. ಅದರಲ್ಲಿ ಸಣ್ಣದೊಂದು ಪಾಲನ್ನು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕನ್ನಡದ ಒಂದು ಕಪಾಟಿಗೆ ಕೊಟ್ಟರೆ, ವೇದಿಕೆಗೆ ಎಂದೂ ಬಾರದವರಿಗೂ ಕೂಟ ತಲುಪುತ್ತದೆ. ಯಾವ ಪುಸ್ತಕ ಬೇಕೆಂದು ಸದಸ್ಯರು ಸೂಚಿಸಲು ಬಹುಪಾಲು ಗ್ರಂಥಾಲಯಗಳಲ್ಲಿ ಅವಕಾಶವಿದೆ. ಕೇಳುವವರಿಲ್ಲದ ಭಾಷೆಗೆ ಕಪಾಟು ಸಿಗುವುದಿಲ್ಲ. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಬಂದ ಪುಸ್ತಕ ಒಂದೇ ಮನೆಯಲ್ಲಿ ಧೂಳು ತಿನ್ನುವ ಬದಲು ಹತ್ತು ಮನೆ ಸುತ್ತುವಂತೆ ಮಾಡಲು ಒಂದು ಪಟ್ಟಿ, ಒಬ್ಬರ ಕಾರು ಸಾಕು. ಬೆಂಗಳೂರು, ಮೈಸೂರುಗಳ ಬೀದಿಬೀದಿಯಲ್ಲಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಒಂದು ಕಾಲಕ್ಕೆ ಮಾಡಿದ್ದೂ ಇದನ್ನೇ: ಪುಸ್ತಕವನ್ನು ಕಪಾಟಿನಿಂದಿಳಿಸಿ ಮನೆಯಿಂದ ಮನೆಗೆ ನಡೆಸಿದ್ದು. ಜೊತೆಗೆ, ಊರಿನ ಜನಪ್ರತಿನಿಧಿಗಳನ್ನು ಅನಿವಾಸಿ ಸಮಾವೇಶಗಳಲ್ಲಿ ಭೇಟಿಯಾದಾಗ ಗ್ರಂಥಾಲಯ ಕರದ ಲೆಕ್ಕ ಕೇಳುವುದೂ ಕನ್ನಡದ ಕೆಲಸವೇ.

ಇಷ್ಟೆಲ್ಲ ಏಕೆ ಮುಖ್ಯವೆಂದರೆ, ಮನೆಯೊಳಗೆ ಸಿಲುಕಿದವರಿಗೆ ಹೊರಜಗತ್ತು ತಲುಪುವುದು ಇತರರ ಬಾಯಿಂದಲೇ. ಗಂಡ ತಂದ ಸುದ್ದಿ, ಮಗ ಹೇಳಿದ ಅಭಿಪ್ರಾಯ, ಗುಂಪಿನಲ್ಲಿ ಬಂದ ವೀಡಿಯೊ. ಯಾರನ್ನು ದ್ವೇಷಿಸಬೇಕು, ಯಾರಿಗೆ ಹೆದರಬೇಕು, ಯಾರಿಗೆ ಮತ ಹಾಕಬೇಕು ಎಂಬ ತೀರ್ಮಾನಗಳು ಸಿದ್ಧವಾಗಿಯೇ ಬರುತ್ತವೆ. ಪುಸ್ತಕವೊಂದೇ ಅವರನ್ನು ತೀರ್ಮಾನಿಸುವ ಸ್ಥಾನದಲ್ಲಿ ಕೂರಿಸುತ್ತದೆ: ನಿಲ್ಲಿಸಿ ಯೋಚಿಸಲು, ಹಿಂದಿನ ಪುಟಕ್ಕೆ ಮರಳಲು, ಲೇಖಕರೊಂದಿಗೆ ಜಗಳವಾಡಲು ಬಿಡುತ್ತದೆ. ರಾಸಸುಂದರಿಯ ಕಾಲದವರು ಹೆಣ್ಣು ಓದಿದರೆ ಕೇಡೆಂದು ನಂಬಿದ್ದರು. ಇಂದು ಯಾರೂ ಹಾಗೆ ಹೇಳುವುದಿಲ್ಲ. ಆದರೆ ಓದಲು ಹೊತ್ತೂ ಪುಸ್ತಕವೂ ಸಿಗದಂತೆ ದಿನಚರಿ ಕಟ್ಟಿಟ್ಟರೆ ಫಲ ಅದೇ. ಮನೆಯಲ್ಲಿರುವವರಿಗೆ ಓದಿರೆಂದು ಸಲಹೆ ಕೊಡುವ ಮುನ್ನ, ಸಲಹೆ ಕೊಡುವವರು ಎದ್ದು ಅಡುಗೆಮನೆಗೆ ಹೋಗಲಿ, ಒಂದು ಗಂಟೆ ಅಲ್ಲೇ ಇರಲಿ. ಬರುವ ಶನಿವಾರ ಗ್ರಂಥಾಲಯಕ್ಕೆ ಹೋಗಿ ಒಂದು ಕನ್ನಡ ಪುಸ್ತಕ ಕೇಳಿ ಬರಲಿ.